ಕ್ರೈಂ ಸುದ್ದಿ ಓದುವಾಗ ಕೈಯಲ್ಲೊಂದು ಪೆನ್ಸಿಲ್ ಇರಲಿ

ಚಿಕ್ಕಮಗಳೂರಿನ ಯಾವುದೇ ಟೀ ಅಂಗಡಿಯಲ್ಲಿ ಬೆಳಗ್ಗೆ ಪೇಪರ್ ಓದುವವರನ್ನು ಗಮನಿಸಿ. ‘ಬೆಚ್ಚಿಬಿದ್ದ ಕಾಫಿನಾಡು’ ಅಂತ ಶೀರ್ಷಿಕೆ ಕಂಡರೆ ಸಾಕು, ಟೀ ಆರುವ ಮುಂಚೆ ತೀರ್ಪು ಬಂದಿರುತ್ತದೆ. ಒಳಗಿನ ನಾಲ್ಕು ಸಾಲು ಯಾರೂ ಓದಿರುವುದಿಲ್ಲ. ಹಾಗಾಗಿ ಹೀಗೆ ಓದಿ.

1. ಶೀರ್ಷಿಕೆಯನ್ನು ಕೈಯಿಂದ ಮುಚ್ಚಿ. ಸುದ್ದಿ ಮೊದಲು, ಶೀರ್ಷಿಕೆ ಕೊನೆಗೆ.

2. ‘ಎನ್ನಲಾಗಿದೆ’, ‘ತಿಳಿದುಬಂದಿದೆ’ ಇರುವ ಕಡೆಯೆಲ್ಲ ಗೆರೆ ಎಳೆಯಿರಿ. ಹೇಳಿದ್ದು ಯಾರು ಅಂತ ಇಲ್ಲದಿದ್ದರೆ ಆ ಸಾಲನ್ನು ಸದ್ಯಕ್ಕೆ ನಂಬಬೇಡಿ.

3. ಎಲ್ಲರೂ ಎಡವುವುದು ಇಲ್ಲೇ, ನಿಧಾನ ಮಾಡಿ. ಯಾರು ಯಾರಿಗೆ ಏನು ಮಾಡಿದರು ಅಂತ ನಿಮ್ಮದೇ ಮಾತಲ್ಲಿ ಒಂದು ಸಾಲು ಬರೆಯಿರಿ. ‘ಎರಡು ಗುಂಪುಗಳ ನಡುವೆ ಘರ್ಷಣೆ’ ಅಂತಿದೆಯಾ? ಆಸ್ಪತ್ರೆ ಸೇರಿದವರು ಯಾವ ಕಡೆಯವರು ನೋಡಿ. ಎಲ್ಲರೂ ಒಂದೇ ಕಡೆಯವರಾದರೆ ಅದು ಘರ್ಷಣೆಯಾ, ಹಲ್ಲೆಯಾ ಅಂತ ಕೇಳಲೇಬೇಕು. ‘ಗೋಲಿಬಾರ್‌ಗೆ ಇಬ್ಬರು ಬಲಿ’ ಎಂದಾಗ ಗುಂಡು ಹಾರಿಸಿದವರೇ ವಾಕ್ಯದಲ್ಲಿ ಇರುವುದಿಲ್ಲ. ‘ಶೀಲ ಶಂಕಿಸಿ ಪತ್ನಿಯ ಕೊಲೆ’ ಇನ್ನೂ ಕೆಟ್ಟದ್ದು. ಕೊಂದವನು ಕೊಟ್ಟ ಕಾರಣವೇ ಶೀರ್ಷಿಕೆ ಏರುತ್ತದೆ, ಸತ್ತವಳು ಉತ್ತರ ಕೊಡುವ ಹಾಗಿಲ್ಲ. ‘ಗಂಡನಿಂದ ಹೆಂಡತಿಯ ಕೊಲೆ’ ಅಂದರೆ ಸಾಕಲ್ವಾ?

ಆಮೇಲೆ ಹೆಸರು ಬದಲಿಸಿ ಓದಿ. ತೋಟದ ಕಾರ್ಮಿಕರು ಇರುವ ಲೈನ್ ಮನೆಯಲ್ಲಿ ಹೊಡೆದಾಟವಾದರೆ ‘ಅಸ್ಸಾಂ ಕಾರ್ಮಿಕನ ಅಟ್ಟಹಾಸ’ ಅಂತ ಬರೆದುಬಿಡುತ್ತಾರೆ. ಅದೇ ಜಾಗದಲ್ಲಿ ‘ಮೂಡಿಗೆರೆ ಯುವಕನ ಅಟ್ಟಹಾಸ’ ಅಂತಿಟ್ಟು ನೋಡಿ. ವಿಚಿತ್ರ ಅನಿಸಿತಾ? ಹಾಗಾದರೆ ‘ಅಸ್ಸಾಂ’ ಅನ್ನುವುದೂ ಅಲ್ಲಿ ಬೇಕಿರಲಿಲ್ಲ. ಬರ್ಬರ, ಪೈಶಾಚಿಕ, ನೆತ್ತರು, ಅಟ್ಟಹಾಸ ಇವನ್ನೆಲ್ಲ ಹೊಡೆದು ಹಾಕಿ. ಉಳಿದದ್ದೇ ಸುದ್ದಿ.

ಇನ್ನೊಂದು ಪತ್ರಿಕೆ ನೋಡಿದರೆ ಸತ್ಯ ಗೊತ್ತಾಗುತ್ತದೆ ಅನ್ನುವವರಿದ್ದಾರೆ. ಎಷ್ಟೋ ಸಲ ಎರಡರದ್ದೂ ಮೂಲ ಪೊಲೀಸರು ಕೊಟ್ಟ ಒಂದೇ ಟಿಪ್ಪಣಿ. ಅರವತ್ತು ಪದದಲ್ಲಿ ಸುದ್ದಿ ಮುಗಿಸುವ ಆ್ಯಪ್‌ಗಳನ್ನಂತೂ ಹಿಂಸೆಯ ಸುದ್ದಿಗೆ ಬಳಸಲೇಬೇಡಿ. ಅಲ್ಲಿ ‘ಆರೋಪಿ’ ಸುಮ್ನೆ ‘ಕೊಲೆಗಾರ’ ಆಗಿಬಿಡುತ್ತಾನೆ.

4. ಎಫ್‌ಐಆರ್‌ನಲ್ಲಿ ಯಾವ ಸೆಕ್ಷನ್ ಹಾಕಿದ್ದಾರೆ ನೋಡಿ. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಪೊಲೀಸರು ವೆಬ್‌ಸೈಟಿಗೆ ಹಾಕಬೇಕು. 2024ರ ಜುಲೈ 1ರಿಂದ ಹಳೆಯ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ: ಕೊಲೆಗೆ 103, ಕೊಲೆ ಯತ್ನಕ್ಕೆ 109. ‘ಮಾರಣಾಂತಿಕ ಹಲ್ಲೆ’ ಅಂತ ದಪ್ಪಕ್ಷರದಲ್ಲಿದ್ದು, ಎಫ್‌ಐಆರ್‌ನಲ್ಲಿ ಬರೀ 115(2) ಇದ್ದರೆ ಪೊಲೀಸರು ದಾಖಲಿಸಿರುವುದು ಸಾಮಾನ್ಯ ಗಾಯದ ಪ್ರಕರಣ.

5. ಅತ್ಯಾಚಾರಕ್ಕೆ ಒಳಗಾದವರ ಗುರುತು ಸಿಗುವಂಥ ವಿವರ ಇದ್ದರೆ ಫಾರ್ವರ್ಡ್ ಮಾಡಬೇಡಿ. ಅದೇ ಸಂಹಿತೆಯ ಸೆಕ್ಷನ್ 72ರ ಪ್ರಕಾರ ಅದು ಅಪರಾಧ. ಹೆಸರು ಬಿಟ್ಟು ಊರು, ಕಾಲೇಜು, ಅಪ್ಪನ ಕೆಲಸ ಬರೆದರೂ ಗುರುತು ಸಿಕ್ಕೇ ಸಿಗುತ್ತದೆ.

6. ವರದಿ ತೀರಾ ಹದ ಮೀರಿದ್ದರೆ ಮೊದಲು ಸಂಪಾದಕರಿಗೆ ಪತ್ರ ಬರೆಯಿರಿ. ಅವರು ಕಿವಿಗೊಡದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳೊಳಗೆ ಕೊಡಬೇಕು. ಟಿವಿ, ಯೂಟ್ಯೂಬ್ ಈ ಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲ. ಸುದ್ದಿಯ ತುಣುಕು, ದಿನಾಂಕ, ಸಂಪಾದಕರಿಗೆ ಬರೆದ ಪತ್ರದ ಪ್ರತಿ ಜತೆಗಿರಲಿ.