ಟೈಲ್ಸ್ ಆರಿಸುವ ಮೊದಲು ನೀರಿನ ದಾರಿ ನೋಡಿ

ಬಾತ್‌ರೂಮ್ ಒಡೆಸಿ ಹೊಸದಾಗಿ ಮಾಡಿಸುವುದೇ ನನ್ನ ಕಸುಬು. ಕರೆಸಿದವರು ಮೊದಲು ಟೈಲ್ಸ್ ಫೋಟೊ ತೋರಿಸುತ್ತಾರೆ. ನಾನು ಫೋನ್ ಕಡೆ ನೋಡದೆ ಬಾಗಿಲ ಚೌಕಟ್ಟಿನ ಬುಡ ನೋಡುತ್ತೇನೆ, ಹಿಂಬದಿ ಗೋಡೆಯ ಪೇಂಟ್ ಉಬ್ಬಿದೆಯಾ, ಬಿಳಿ ಪುಡಿ ಉದುರುತ್ತಿದೆಯಾ ಅಂತ ಕೈಯಾಡಿಸುತ್ತೇನೆ. ಟೈಲ್ಸ್ ಮೇಲುಹೊದಿಕೆ ಅಷ್ಟೇ. ಬಾತ್‌ರೂಮ್ ಉಳಿಯುವುದೂ ಕೆಡುವುದೂ ಅದರ ಅಡಿಯಲ್ಲಿ.

ಸೋರಿಕೆ ಇದ್ದರೆ ಸುತ್ತಿಗೆ ಎತ್ತುವ ಮುಂಚೆ ಅದು ಎಲ್ಲಿಂದ ಅಂತ ಪತ್ತೆ ಮಾಡಿಕೊಳ್ಳಿ. ಸಾಮಾನ್ಯವಾಗಿ ಮೂರು ಕಡೆ: ನಲ್ಲಿಗೆ ಬರುವ ಪೈಪು, ನೀರು ಹೊರಗೆ ಹೋಗುವ ಪೈಪು, ಇಲ್ಲವೇ ನೆಲ. ಬಾತ್‌ರೂಮಿನ ವಾಲ್ವ್ ಮುಚ್ಚಿ, ಒಂದೆರಡು ದಿನ ಯಾರೂ ಬಳಸಬೇಡಿ. ಬಳಸದೇ ಇದ್ದಾಗಲೂ ಬೆಳೆಯುತ್ತಿದ್ದ ಒದ್ದೆ, ವಾಲ್ವ್ ಮುಚ್ಚಿದ ಮೇಲೆ ಆರತೊಡಗಿದರೆ ತಪ್ಪು ನಲ್ಲಿ ಪೈಪಿನದು. ಆಗ ಆ ಗೋಡೆಯನ್ನಷ್ಟೇ ಕೊರೆದರೆ ಸಾಕು, ಇಡೀ ಬಾತ್‌ರೂಮ್ ಒಡೆಯಬೇಕಿಲ್ಲ. ಅಲ್ಲಿ ಏನೂ ಸಿಗಲಿಲ್ಲವೆಂದರೆ, ನೆಲ ಒದ್ದೆಯಾಗದಂತೆ ಒಂದು ಮೆದು ಪೈಪನ್ನು ನೀರು ಹೋಗುವ ಜಾಲಿಯೊಳಗೆ ಇಳಿಸಿ ನೀರು ಬಿಡಿ. ಕೆಳಗೆ ಒದ್ದೆ ಕಾಣಿಸಿದರೆ ಡ್ರೈನ್. ಅದೂ ಅಲ್ಲವಾದರೆ ಜಾಲಿಗೆ ಬಟ್ಟೆ ಬಿಗಿದು ನೆಲದ ಮೇಲೆ ನೀರು ನಿಲ್ಲಿಸಿ. ಇದೇ ಕ್ರಮದಲ್ಲಿ ಮಾಡಿ. ನೆಲದಿಂದ ಶುರು ಮಾಡಿದರೆ ಎಲ್ಲವೂ ಒಟ್ಟಿಗೆ ನೆನೆದು ಯಾವುದು ಯಾವುದರದು ಅಂತ ತಿಳಿಯುವುದಿಲ್ಲ.

ನೆಲದ್ದೇ ಸೋರಿಕೆಯಾದರೆ ಟೈಲ್ಸ್ ಮೇಲೆ ಬಳಿಯುವ ಪಾರದರ್ಶಕ ಕೋಟಿಂಗ್ ತೋರಿಸಿ ‘ಒಡೆಯೋದೇ ಬೇಡ ಸಾರ್’ ಅನ್ನುವವರು ಬರುತ್ತಾರೆ. ಸ್ವಲ್ಪ ಕಾಲ ತಳ್ಳಬಹುದು, ನನಗೆ ಅದರ ಮೇಲೆ ನಂಬಿಕೆಯಿಲ್ಲ. ಹಳೆ ಟೈಲ್ಸ್ ಮೇಲೇ ಹೊಸ ಟೈಲ್ಸ್ ಕೂರಿಸುವುದೂ ಅಷ್ಟೇ: ಕೆಳಗಿನದು ಗಟ್ಟಿಯಾಗಿ, ಒಣಗಿ ಇದ್ದರೆ ಮಾತ್ರ ಸರಿ. ನಾಣ್ಯದಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ ಒಡೆಯಲೇಬೇಕು.

ಒಡೆಯುವಾಗ ಮಾಸ್ಕ್, ಕನ್ನಡಕ ಹಾಕಿಕೊಳ್ಳಿ. ಆ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ವೈರಿಂಗ್ ಹಾದುಹೋಗಿರುವ ಗೋಡೆಯಾದರೆ ಮೇನ್ ಆಫ್ ಮಾಡಿ. ಜಾಲಿಯ ಕೆಳಗೆ ನೀರು ನಿಲ್ಲುವ ಕುಳಿಯೇ ಟ್ರಾಪ್, ಅದರ ಬಾಯಿಗೆ ಮೊದಲೇ ಗೋಣಿ ತುರುಕಿ ಮೇಲೆ ಹಲಗೆ ಮುಚ್ಚಿ. ಪೈಪಿನೊಳಗೆ ಬಿದ್ದ ಗಾರೆ ಚೂರು ಮುಂದೆ ತಿರುವಿನಲ್ಲಿ ಸಿಕ್ಕಿಕೊಂಡರೆ ಹೊಸ ನೆಲವನ್ನೇ ಅಗೆಯಬೇಕಾದೀತು.

ಪೈಪ್ ಕೆಲಸದಲ್ಲಿ ಬಿಸಿನೀರಿಗೆ ಸಿಪಿವಿಸಿ (ಬಿಸಿ ತಡೆಯುವ ಪ್ಲಾಸ್ಟಿಕ್ ಪೈಪು) ಹಾಕಿ, ಸಾದಾ ಪಿವಿಸಿ ಬೇಡ, ಬಿಸಿಗೆ ಅದು ಮೆತ್ತಗಾಗುತ್ತದೆ. ನಲ್ಲಿ ಕೂರುವ ಜಾಗದಲ್ಲಿ ಹಿತ್ತಾಳೆ ಥ್ರೆಡ್ (ತಿರುಪಿನ ಸುತ್ತು) ಇರುವ ಫಿಟ್ಟಿಂಗೇ ಇರಲಿ. ಪ್ಲಾಸ್ಟಿಕ್ ಥ್ರೆಡ್ ಬಿಗಿಯುವಾಗ ಬಿರುಕು ಬಿಡುವುದು ಗೋಡೆಯೊಳಗೆ, ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಅಂಟು ಒಣಗಲು ಒಂದು ದಿನ ಬಿಟ್ಟು, ಕೈಪಂಪಿನಿಂದ ಒತ್ತಡ ಹಾಕಿಸಿ ಗೇಜ್ ಮುಳ್ಳು ಇಳಿಯುತ್ತದಾ ನೋಡಿ. ಮಾಮೂಲಿ ಒತ್ತಡದ ಒಂದೂವರೆ ಪಟ್ಟು ಹಾಕುವುದು ರೂಢಿ. ಈ ಪರೀಕ್ಷೆ ಆಗುವ ತನಕ ಮೇಸ್ತ್ರಿ ಕೊರೆದ ಜಾಡಿಗೆ ಗಾರೆ ಮೆತ್ತಲು ಬಿಡಬೇಡಿ. ಇನ್ನೊಂದು: ಗೋಡೆಗೆ ಟೇಪ್ ಹಿಡಿದು, ಅಳತೆಯ ಅಂಕಿಗಳು ಕಾಣುವಂತೆ ಪ್ರತಿ ಪೈಪಿನ ಫೋಟೊ ತೆಗೆದಿಡಿ. ಮುಂದೆ ಟವೆಲ್ ರಾಡಿಗೆ ರಂಧ್ರ ಕೊರೆಯುವ ದಿನ ಅದೇ ನಕ್ಷೆ.

ಈಗ ನೆಲ. ಇಲ್ಲಿ ನಾನು ಸ್ವಲ್ಪ ಹಟ ಹಿಡಿಯುತ್ತೇನೆ. ಟೈಲ್ಸ್ ನಡುವಿನ ಸಂದಿಗೆ ತುಂಬುವ ಗ್ರೌಟ್ ನೀರು ತಡೆಯುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಸಿಮೆಂಟ್ ಗ್ರೌಟ್ ನೀರು ಹೀರುತ್ತದೆ, ಒಂದಿಷ್ಟು ನೀರು ಅಡಿಗೆ ಇಳಿದೇ ಇಳಿಯುತ್ತದೆ. ಹಾಗೆ ಇಳಿದ ನೀರೂ ಟ್ರಾಪ್ ಕಡೆಗೇ ಹರಿಯಬೇಕು. ಅದಕ್ಕಾಗಿ ವಾಟ, ಅಂದರೆ ಇಳಿಜಾರು, ಕೊಡಬೇಕಾದದ್ದು ಟೈಲ್ಸ್ ಕೂರಿಸುವಾಗ ಅಲ್ಲ, ಅದರ ಕೆಳಗಿನ ಗಾರೆಯಲ್ಲಿ. ವಾಟರ್‌ಪ್ರೂಫಿಂಗ್ ಕೋಟಿಂಗ್ ಬರುವುದು ಆ ವಾಟದ ಮೇಲೆ. ಮಟ್ಟಸ ನೆಲಕ್ಕೆ ಕೋಟಿಂಗ್ ಬಳಿದು ಮೇಲೆ ಟೈಲ್ಸ್‌ನಲ್ಲಿ ಮಾತ್ರ ವಾಟ ಕೊಟ್ಟರೆ, ಇಳಿದ ನೀರು ಅಲ್ಲೇ ನಿಂತು ವಾಸನೆ ಹಿಡಿಯುತ್ತದೆ. ವಾಟ ಎಷ್ಟು? 80ಕ್ಕೆ 1 ಇಟ್ಟುಕೊಳ್ಳಿ. ಅಂದರೆ ಟ್ರಾಪಿನಿಂದ 2 ಮೀಟರ್ ದೂರದ ಮೂಲೆ 25 ಮಿ.ಮೀ. ಎತ್ತರ ಇರಬೇಕು. ರಸಮಟ್ಟ ಇಟ್ಟು ನೋಡಿ, ಒಂದು ಚೊಂಬು ನೀರನ್ನೂ ಚೆಲ್ಲಿ ನೋಡಿ. ಯಾವ ಮೂಲೆಯಲ್ಲಿ ನಿಂತಿತೋ ಅಲ್ಲಿ ಸುಣ್ಣದಕಡ್ಡಿಯಲ್ಲಿ ಗುರುತು ಹಾಕಿ ಸರಿ ಮಾಡಿಸಿ.

ಕೋಟಿಂಗ್‌ಗೆ ನಾನು ಬಳಸುವುದು ಪುಡಿ ಮತ್ತು ದ್ರವ ಬೆರೆಸುವ ಪಾಲಿಮರ್ ಸಿಮೆಂಟ್ ಬಗೆಯದು. ಬಳಿಯುವುದು ಸುಲಭ, ಕೆಡುವುದು ಮೂಲೆಗಳಲ್ಲಿ. ಗೋಡೆ ಮತ್ತು ನೆಲ ಕೂಡುವ ಕಡೆ ಗಾರೆಯಿಂದ ಸ್ವಲ್ಪ ಓರೆ ಮಾಡಿಸಿ, ಅದರ ಮೇಲೆ ಫೈಬರ್ ಮೆಶ್ ಪಟ್ಟಿಯನ್ನು ಹಸಿ ಕೋಟಿಂಗಿನಲ್ಲಿ ಒತ್ತಿಸಿ. ಪೈಪು ನೆಲ ತೂರಿ ಬರುವ ಕಡೆ, ಟ್ರಾಪಿನ ಅಂಚು, ಬಾಗಿಲ ಹೊಸ್ತಿಲು, ಈ ಮೂರು ಕಡೆ ನೀವೇ ಬಗ್ಗಿ ನೋಡಿ. ಮೊದಲ ಕೋಟ್ ಉದ್ದಕ್ಕೆ, ಅದು ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ. ಸುತ್ತಲ ಗೋಡೆಗೆ ಒಂದಡಿ ಹತ್ತಿಸಿ, ಶವರ್ ಇರುವ ಗೋಡೆಗೆ ಆರಡಿ.

ಕೋಟಿಂಗ್ ಪ್ಯಾಕೆಟ್ ಮೇಲೆ ಬರೆದಷ್ಟು ದಿನ ಒಣಗಿದ ನಂತರ ಟ್ರಾಪ್ ಮುಚ್ಚಿ, ಹೊಸ್ತಿಲಿಗೆ ಗಾರೆಯ ತಡೆ ಕಟ್ಟಿ, ಎಲ್ಲಕ್ಕಿಂತ ಎತ್ತರದ ಮೂಲೆಯೂ ಮುಳುಗುವಂತೆ ನೀರು ನಿಲ್ಲಿಸಿ. ಗೋಡೆ ಮೇಲೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆಯಿರಿ. ಪಕ್ಕದಲ್ಲಿ ಅಗಲ ಬಾಯಿಯ ಪಾತ್ರೆಯೊಂದರಲ್ಲೂ ನೀರಿಟ್ಟು ಅದಕ್ಕೂ ಗೆರೆ ಹಾಕಿ. 24 ಗಂಟೆ ಕಳೆದು ನೋಡಿದಾಗ ಎರಡೂ ಒಂದೇ ಅಳತೆ ಇಳಿದಿದ್ದರೆ ಅದು ಆವಿಯಾದದ್ದು. ನೆಲದ ನೀರು ಹೆಚ್ಚು ಇಳಿದಿದ್ದರೆ ದಾರಿ ಎಲ್ಲೋ ಇದೆ. ಸಾಧ್ಯವಾದರೆ 48 ಗಂಟೆ ಬಿಡಿ. ‘ಕೆಲಸ ನಿಂತುಹೋಗುತ್ತೆ’ ಅಂತ ಗೊಣಗುತ್ತಾರೆ. ಗೊಣಗಲಿ.

ಟೈಲ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೆಲಕ್ಕೆ ಒರಟು ಮೈಯದ್ದು, ಜಾರಬಾರದು. ಗೋಡೆಯ ಕೆಳಗಿನ ಒಂದು ಸಾಲು ಬಿಟ್ಟು ಮೇಲಿನದನ್ನು ಮೊದಲು ಮುಗಿಸಿ, ಆಮೇಲೆ ನೆಲ, ಕೊನೆಗೆ ಆ ಸಾಲು. ಆಗ ಗೋಡೆಯ ಟೈಲ್ಸ್ ನೆಲದ ಟೈಲ್ಸ್ ಮೇಲೆ ಬಂದು ಕೂರುತ್ತದೆ. ಅಂಟನ್ನು ಹಲ್ಲಿನ ಕರಣೆಯಲ್ಲಿ ಒಂದೇ ದಿಕ್ಕಿಗೆ ಎಳೆಯಬೇಕು, ಸುತ್ತ ಸುತ್ತ ತಿರುಗಿಸಿದರೆ ಗಾಳಿ ಉಳಿಯುತ್ತದೆ. ಆಗಷ್ಟೇ ಕೂರಿಸಿದ ಒಂದು ಟೈಲ್ ಎಬ್ಬಿಸಿ ಹಿಂಬದಿ ತೋರಿಸಲು ಹೇಳಿ. ಪೂರ್ತಿ ಅಂಟು ಹತ್ತಿರಬೇಕು. ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಇಟ್ಟು ಒತ್ತಿದ್ದರೆ ಕೆಲಸ ನಿಲ್ಲಿಸಿ. ಗ್ರೌಟ್ ಮರುದಿನ. ಶವರ್ ಕೆಳಗೆ ಎಪಾಕ್ಸಿ ಗ್ರೌಟ್ ಹಾಕಿಸಿದರೆ ಕಲೆ ಹಿಡಿಯುವುದು ಕಡಿಮೆ. ಆದರೆ ಅದು ಬೇಗ ಗಟ್ಟಿಯಾಗುತ್ತದೆ, ಆಗಿಂದಾಗಲೇ ಒರೆಸದಿದ್ದರೆ ಟೈಲ್ಸ್ ಮೇಲಿನ ಪೊರೆ ಹೋಗುವುದಿಲ್ಲ. ಮೂಲೆಗಳಿಗೆ ಗ್ರೌಟ್ ಬೇಡ, ಸಿಲಿಕೋನ್ ಹಾಕಿ. ಎರಡು ಗೋಡೆ ಒಂದೇ ರೀತಿ ಅಲುಗುವುದಿಲ್ಲ, ಗ್ರೌಟ್ ಅಲ್ಲಿ ಸೀಳುತ್ತದೆ. ಹಳೆ ಸಿಲಿಕೋನ್ ಮೇಲೆ ಹೊಸದು ಹಿಡಿಯುವುದಿಲ್ಲ, ಬ್ಲೇಡಿನಿಂದ ಪೂರ್ತಿ ಕೆರೆದು, ಒಣಗಿಸಿ, ಎರಡೂ ಬದಿ ಟೇಪ್ ಅಂಟಿಸಿ ಹಾಕಿ. ಹಸಿಯಿದ್ದಾಗಲೇ ಟೇಪ್ ಕೀಳಿ.

ಕಮೋಡ್ ಬುಡಕ್ಕೆ ಸುತ್ತಲೂ ಮೆತ್ತುವಾಗ ಹಿಂಬದಿಯಲ್ಲಿ ಎರಡು ಬೆರಳಷ್ಟು ತೆರೆದು ಬಿಡಲು ಹೇಳುತ್ತೇನೆ. ಅಡಿಯ ಜಾಯಿಂಟ್ ಸೋರಿದರೆ ನೀರು ಅಲ್ಲಿಂದ ಹೊರಗೆ ಕಾಣುತ್ತದೆ. ಪೂರ್ತಿ ಮುಚ್ಚಿದ್ದರೆ ನೆಲದೊಳಗೇ ಇಂಗುತ್ತದೆ.

ಸಣ್ಣಪುಟ್ಟವನ್ನು ನೀವೇ ಮಾಡಿಕೊಳ್ಳಬಹುದು. ಫ್ಲಶ್ ಟ್ಯಾಂಕ್ ಸೋರುವ ಅನುಮಾನವಿದ್ದರೆ ಟ್ಯಾಂಕಿಗೆ ಅಡುಗೆ ಬಣ್ಣದ ನಾಲ್ಕು ಹನಿ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಡಿ. ಕಮೋಡ್ ಒಳಗೆ ಬಣ್ಣ ಬಂದರೆ ರಬ್ಬರ್ ಸೀಲ್ ಬದಲಿಸಿ. ನಲ್ಲಿ ತೊಟ್ಟಿಕ್ಕಿದರೆ ಹಳೆಯ ಬಗೆಯದಕ್ಕೆ ವಾಷರ್, ಕಾಲು ಸುತ್ತಿನದಕ್ಕೆ ಕಾರ್ಟ್ರಿಡ್ಜ್ (ಹಿಡಿಯ ಕೆಳಗೆ ಕೂರುವ ಒಳಭಾಗ) ಬದಲಿಸಿ. ಹಳೆಯದನ್ನು ಬಿಚ್ಚಿ ಅಂಗಡಿಗೆ ಕೈಯಲ್ಲೇ ಒಯ್ಯಿರಿ, ಹಲ್ಲುಗಳ ಎಣಿಕೆ ಬೇರೆ ಬೇರೆ ಇರುತ್ತದೆ. ಟೆಫ್ಲಾನ್ ಟೇಪನ್ನು ಬಿಗಿಯುವ ದಿಕ್ಕಿಗೇ ಸುತ್ತಿ, ಇಲ್ಲದಿದ್ದರೆ ತಿರುಗಿಸುವಾಗ ಬಿಚ್ಚಿಕೊಳ್ಳುತ್ತದೆ. ಬಳಸದ ಬಾತ್‌ರೂಮಿನಿಂದ ವಾಸನೆ ಬಂದರೆ ಮೊದಲು ಟ್ರಾಪಿಗೆ ಒಂದು ಮಗ್ ನೀರು ಹಾಕಿ ನೋಡಿ. ಒಳಗೆ ನಿಂತಿರುವ ನೀರೇ ಗಾಳಿಯನ್ನು ತಡೆಯುವುದು, ಅದು ಆರಿರುತ್ತದೆ. ಗೀಸರ್ ವೈರಿಂಗ್ ಮಾತ್ರ ಮುಟ್ಟಬೇಡಿ. ಎಲೆಕ್ಟ್ರಿಷಿಯನ್ ಕರೆಸಿ, ಅರ್ತಿಂಗ್ ಅಳೆಸಿ, ಆ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇದೆಯಾ ಕೇಳಿ.

ಗೋಡೆಯಿಂದ ಫ್ಲಶ್ ಟ್ಯಾಂಕ್, ಗೀಸರ್‌ಗೆ ನೀರು ಬಿಡುವ ಆಂಗಲ್ ವಾಲ್ವ್‌ಗಳನ್ನು ಆಗಾಗ ಒಮ್ಮೆ ಮುಚ್ಚಿ ತೆರೆಯುತ್ತಿರಿ. ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಸ್ಪಿಂಡಲ್ ಹಿಡಿದುಕೊಂಡು, ನೀರು ಚಿಮ್ಮುವ ದಿನವೇ ತಿರುಗುವುದಿಲ್ಲ.