ಆರು ಗಂಟೆಯವರೆಗೆ ಬರೀ ಕಂಠ

ಪುಣೆಯಲ್ಲಿ ನಮ್ಮದು ಚಿಕ್ಕ ಕನ್ನಡ ಕ್ರೈಸ್ತ ಸಭೆ. ಗದಗ-ಬೆಟಗೇರಿ, ಹುಬ್ಬಳ್ಳಿ, ಬೀದರ್ ಕಡೆಗಳಿಂದ ರೈಲ್ವೆಗೆ, ಖಡಕಿಯ ಕಾರ್ಖಾನೆಗೆ, ಆಮೇಲೆ ಪಿಂಪ್ರಿ-ಚಿಂಚವಡದ ಕಂಪನಿಗಳಿಗೆ ದುಡಿಯಲು ಬಂದವರ ಮಕ್ಕಳು, ಮೊಮ್ಮಕ್ಕಳು ಇಲ್ಲಿ ಸೇರುತ್ತೇವೆ. ದೇವಾಲಯದ, ಎಂದರೆ ಚರ್ಚಿನ, ಕಟ್ಟಡವನ್ನು ಮರಾಠಿ ಮತ್ತು ಇಂಗ್ಲಿಷ್ ಸಭೆಗಳೊಂದಿಗೆ ಹಂಚಿಕೊಂಡಿದ್ದೇವೆ. ಉಳಿದ ಭಾನುವಾರಗಳಲ್ಲಿ ಇದು ಸುಸೂತ್ರವಾಗಿ ನಡೆಯುತ್ತದೆ. ಯೇಸು ಸತ್ತು ಎದ್ದುಬಂದ ಹಬ್ಬವಾದ ಈಸ್ಟರ್ ದಿನ ಮಾತ್ರ ಬೆಳಗಿನ ಹೊತ್ತನ್ನು ಯಾರೂ ಬಿಟ್ಟುಕೊಡಲಾರರು. ಬಿಟ್ಟುಕೊಡಿ ಎಂದು ಕೇಳುವುದೂ ಸರಿಯಲ್ಲ. ಹಾಗಾಗಿ ನಾವು ಕಟ್ಟಡದ ಹಿಂದಿನ ಬಯಲನ್ನು ಆರಿಸಿಕೊಂಡೆವು. ಈಗ ನೋಡಿದರೆ ನಮ್ಮ ಪಾಲಿಗೆ ಬಂದದ್ದೇ ಒಳ್ಳೆಯ ಜಾಗ.

ಈಸ್ಟರ್ ದಿನ ಸೂರ್ಯ ಹುಟ್ಟುವ ಹೊತ್ತಿಗೆ ಬಯಲಿನಲ್ಲಿ ನಡೆಸುವ ಆರಾಧನೆ ನಾವು ಕಂಡುಹಿಡಿದದ್ದೇನೂ ಅಲ್ಲ. 1732ರಲ್ಲಿ ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನಲ್ಲಿ ಮೊರೇವಿಯನ್ ಎಂಬ ಪ್ರೊಟೆಸ್ಟಂಟ್ ಸಭೆಯ ಯುವಕರು ಈಸ್ಟರ್ ನಸುಕಿನಲ್ಲಿ ಗುಡ್ಡದ ಮೇಲಿನ ಸಮಾಧಿಗಳ ನಡುವೆ ನಿಂತು ಹಾಡಿದರು. ಪದ್ಧತಿ ಅಲ್ಲಿಂದ ಹಬ್ಬಿತು. ಅವರಿಗೆ ಗುಡ್ಡವಿತ್ತು. ನಮಗೆ ಮೂರು ದಿಕ್ಕಿಗೆ ಹೌಸಿಂಗ್ ಸೊಸೈಟಿಗಳಿವೆ, ಪೂರ್ವಕ್ಕಂತೂ ಏಳಂತಸ್ತಿನ ಕಟ್ಟಡ.

ಗಾಯನ ಮಂಡಳಿಯನ್ನು ನಡೆಸುವವನು ನಾನಾದ್ದರಿಂದ ಮೊದಲು ನೋಡಿದ್ದು ಶಬ್ದದ ಕಾನೂನನ್ನು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. 2010ರ ತಿದ್ದುಪಡಿಯ ನಂತರ ವಾದ್ಯಗಳೂ ಈ ನಿರ್ಬಂಧದೊಳಗೆ ಬಂದವು. ಹಾರ್ಮೋನಿಯಂ, ಢೋಲಕ್ ಎರಡೂ ಸುಮ್ಮನಿರಬೇಕು. ಆರರ ನಂತರವೂ ಮೈಕಿಗೆ ಲಿಖಿತ ಅನುಮತಿ ಬೇಕು, ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್. ನಮ್ಮ ಆರಾಧನೆ ಶುರುವಾಗುವುದು ಐದೂವರೆಗೆ. ಎಂದರೆ ಮೊದಲ ಅರ್ಧ ಗಂಟೆ ಬರೀ ಕಂಠ. ಸಮಿತಿಯಲ್ಲಿ ಕೆಲವರ ಮುಖ ಸಣ್ಣದಾಯಿತು. ನನಗೆ ಒಳಗೊಳಗೇ ಖುಷಿಯಾಯಿತು, ಏಕೆಂದರೆ ಮೈಕ್ ಬಂದ ಮೇಲೆ ನಮ್ಮ ಜನ ಹಾಡುವುದನ್ನು ಬಿಟ್ಟು ಕೇಳುವವರಾಗಿದ್ದರು.

ಬಯಲಿನಲ್ಲಿ ಎಲ್ಲ ಹಾಡೂ ನಿಲ್ಲುವುದಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಪಾದ್ರಿಗಳ ಕಾಲದಿಂದ ಬಂದ ಜರ್ಮನ್, ಇಂಗ್ಲಿಷ್ ಧಾಟಿಯ ಗೀತೆಗಳನ್ನು ಹೆಂಗಸರ, ಗಂಡಸರ ಏರು-ತಗ್ಗಿನ ನಾಲ್ಕು ದನಿಗಳಲ್ಲಿ ಹಾಡಲು ಗೋಡೆ ಬೇಕು, ಚಾವಣಿ ಬೇಕು. ಪ್ರತಿಧ್ವನಿಯೇ ಅರ್ಧ ಕೆಲಸ ಮಾಡುತ್ತದೆ. ಬಯಲಿನಲ್ಲಿ ಹೆಂಗಸರ ತಗ್ಗು ದನಿಯಾದ ಆಲ್ಟೊ ಎಲ್ಲಿ ಹೋಯಿತೋ ತಿಳಿಯುವುದಿಲ್ಲ. ಒಬ್ಬರು ಎತ್ತಿಕೊಟ್ಟು ಎಲ್ಲರೂ ತಿರುಗಿ ಹೇಳುವ ಭಜನೆಯ ಧಾಟಿಗೆ ಮಾತ್ರ ಏನೂ ಆಗುವುದಿಲ್ಲ. ಅದು ಹುಟ್ಟಿದ್ದೇ ಅಂಗಳದಲ್ಲಿ. ಹಾಗಾಗಿ ಆರರವರೆಗೆ ಭಜನೆಗಳು, ಆರರ ನಂತರ ಹಾರ್ಮೋನಿಯಂ ಜೊತೆಗೆ ಗೀತೆಗಳು ಎಂದು ಗೊತ್ತುಮಾಡಿದೆ. ಶ್ರುತಿಯನ್ನು ದೇವಾಲಯದೊಳಗೆ ಹಾಡುವುದಕ್ಕಿಂತ ತಗ್ಗಿಸಿಕೊಂಡೆವು. ನಸುಕಿನಲ್ಲಿ ಯಾರ ಗಂಟಲೂ ತೆರೆದಿರುವುದಿಲ್ಲ.

ಕೂರುವ ಕ್ರಮಕ್ಕೆ ಹೆಚ್ಚು ತಲೆ ಕೆಡಿಸಿಕೊಂಡದ್ದು ನಿಜ. ಎಲ್ಲರೂ ಪೂರ್ವಕ್ಕೆ ಮುಖ ಮಾಡಬೇಕೆಂದು ಹಿರಿಯರ ಆಸೆ. ಆದರೆ ಏಳರ ಸುಮಾರಿಗೆ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ, ಬೈಬಲ್ ತೆರೆದವರಿಗೆ ಅಕ್ಷರ ಕಾಣುವುದಿಲ್ಲ. ನಮ್ಮ ಬಯಲು ದೇವಾಲಯದ ಉತ್ತರಕ್ಕಿದೆ. ಗಾಯನ ಮಂಡಳಿಯನ್ನು ದೇವಾಲಯದ ಹಿಂಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ, ಸಭೆಯನ್ನು ಲಾಳದ ಆಕಾರದಲ್ಲಿ ಹತ್ತಿರ ಹತ್ತಿರ ಕೂರಿಸಿದೆವು. ಗೋಡೆ ದನಿಯನ್ನು ಜನರ ಕಡೆಗೆ ತಳ್ಳುತ್ತದೆ, ಸೂರ್ಯ ಎಡಗಡೆಗೆ ಉಳಿಯುತ್ತಾನೆ. ಮುದುಕರಿಗೆ ಕುರ್ಚಿ, ಉಳಿದವರಿಗೆ ಜಮಖಾನ.

ಸೊಸೈಟಿಗಳಿಗೆ ಮೊದಲೇ ಮರಾಠಿಯಲ್ಲಿ ಪತ್ರ ಬರೆದು ಕೈಯಾರೆ ಕೊಟ್ಟು ಬಂದೆವು. ನಸುಕಿನಲ್ಲಿ ನೆಲದ ಹತ್ತಿರದ ಗಾಳಿ ತಂಪಾಗಿದ್ದು ಮೇಲಿನದು ಬೆಚ್ಚಗಿರುತ್ತದೆ. ಆಗ ಶಬ್ದ ಮೇಲಕ್ಕೆ ಚದುರದೆ ನೆಲದ ಕಡೆಗೆ ಬಾಗಿ ದೂರ ಹೋಗುತ್ತದೆ. ನಮಗೆ ಮೆಲ್ಲಗೆ ಎನಿಸಿದ್ದು ಅವರ ಮಲಗುವ ಕೋಣೆಗೆ ಚೆನ್ನಾಗಿಯೇ ಕೇಳುತ್ತದೆ. "ಆರಕ್ಕೆ ನಮ್ಮವರು ಎದ್ದೇ ಇರುತ್ತಾರೆ. ಸ್ಪೀಕರಿನ ಮುಖವನ್ನು ಮಾತ್ರ ಈ ಕಡೆಗೆ ತಿರುಗಿಸಬೇಡಿ" ಎಂದರು ಒಬ್ಬ ಕಾರ್ಯದರ್ಶಿ. ಸ್ಪೀಕರನ್ನು ಕೆಳಗಿಟ್ಟು ಸಭೆಯ ಕಡೆಗೇ ಬಾಗಿಸಿದೆವು.

2025ರಲ್ಲಿ ಈಸ್ಟರ್ ಏಪ್ರಿಲ್ 20ಕ್ಕೆ ಬಂದಿತ್ತು. ಅಷ್ಟು ಹೊತ್ತಿಗೆ ಮೆಟ್ರೊ ಇರುವುದಿಲ್ಲ, ರಿಕ್ಷಾ ಸಿಕ್ಕರೆ ಪುಣ್ಯ. ಯುವಜನ ಸಂಘದ ಹುಡುಗರು ಕಾರು, ಸ್ಕೂಟರುಗಳಲ್ಲಿ ಹಿರಿಯರನ್ನು ಕರೆತಂದರು. ಹಗಲು-ರಾತ್ರಿ ಸಮವಾಗುವ ವಸಂತ ವಿಷುವದ ನಂತರದ ಹುಣ್ಣಿಮೆಯಾದ ಮೇಲಿನ ಮೊದಲ ಭಾನುವಾರವೇ ಈಸ್ಟರ್ ಆದ್ದರಿಂದ ಆ ನಸುಕಿನಲ್ಲಿ ಆಕಾಶದಲ್ಲಿ ಚಂದ್ರ ಇದ್ದೇ ಇರುತ್ತಾನೆ. ಆ ವರ್ಷ ಹುಣ್ಣಿಮೆಯಾಗಿ ವಾರ ಕಳೆದಿತ್ತು. ಅರ್ಧಕ್ಕೆ ಇಳಿದ ಚಂದ್ರ ದಕ್ಷಿಣದಲ್ಲಿ, ಸರಿಯಾಗಿ ನಮ್ಮೆದುರಿಗೆ, ದೇವಾಲಯದ ಸೂರಿನ ಮೇಲಿದ್ದ. ಬಾಡಿಗೆಯ ಹ್ಯಾಲೋಜನ್ ದೀಪ ಬೇಡವೆಂದು ನಾನು ಹಟ ಹಿಡಿದದ್ದಕ್ಕೆ ಅವನೇ ಸಾಕ್ಷಿ ನುಡಿದ.

ವಾಚನಗಳನ್ನು ಬೆಳಕಿಗೆ ತಕ್ಕಂತೆ ಹೊಂದಿಸಿದೆವು. ಬೈಬಲಿನ ಯೋಹಾನನ ಸುವಾರ್ತೆಯಲ್ಲಿ ಮಗ್ದಲದ ಮರಿಯಳು ಇನ್ನೂ ಕತ್ತಲಿರುವಾಗಲೇ ಯೇಸುವಿನ ಸಮಾಧಿಗೆ ಬರುತ್ತಾಳೆ. ಮಾರ್ಕನ ಸುವಾರ್ತೆಯಲ್ಲಿ ಹೆಂಗಸರು ಬರುವಷ್ಟರಲ್ಲಿ ಸೂರ್ಯ ಹುಟ್ಟಿರುತ್ತಾನೆ. ಮೊದಲನೆಯದನ್ನು ಕತ್ತಲಲ್ಲಿ, ಅಧ್ಯಾಯವನ್ನು ಬಾಯಿಪಾಠ ಮಾಡಿದ್ದ ಸ್ತ್ರೀ ಸಂಘದ ಅಮ್ಮ ಒಬ್ಬರು ಪುಸ್ತಕವಿಲ್ಲದೆ ಹೇಳಿದರು. ಎರಡನೆಯದಕ್ಕೆ ಸೂರ್ಯನನ್ನು ಕಾಯಬೇಕಿತ್ತು. ಕ್ಯಾಲೆಂಡರಿನ ಸೂರ್ಯೋದಯ 6.13ರ ಆಸುಪಾಸು, ನಮ್ಮ ಬಯಲಿನ ಸೂರ್ಯೋದಯ ಏಳಂತಸ್ತು ಹತ್ತಿ ಬರುವುದರಿಂದ ಮುಕ್ಕಾಲು ಗಂಟೆ ತಡ. ಹಬ್ಬದ ಹಿಂದಿನ ದಿನಗಳಲ್ಲಿ ಅಲ್ಲೇ ನಿಂತು ಹೊತ್ತು ನೋಡಿಕೊಂಡಿದ್ದೆ. ಉಪದೇಶ ಮಾಡುವ ಸಭಾಪಾಲಕರಿಗೆ, "ಅಯ್ಯನವರೇ, ಪ್ರಸಂಗ ಏಳಕ್ಕೆ ಐದು ನಿಮಿಷ ಇರುವಾಗ ಮುಗಿಯಬೇಕು" ಎಂದು ಹೇಳುವ ಅಧಿಕಾರ ಸೂರ್ಯನಿಂದಲೇ ನನಗೆ ಸಿಕ್ಕಿತು. ಬೇರೆ ಯಾವ ಭಾನುವಾರವೂ ಅದು ನನಗಿಲ್ಲ. ಅಯ್ಯನವರು ಮುಗಿಸಿದರು. ಮಾರ್ಕನನ್ನು ಓದುತ್ತಿದ್ದಾಗ ಬಿಸಿಲು ಮೊದಲು ಗಾಯನ ಮಂಡಳಿಯ ಹಿಂದಿನ ಗೋಡೆಯ ಮೇಲ್ತುದಿಗೆ ಬಿತ್ತು. "ಕ್ರಿಸ್ತನು ಎದ್ದಿದ್ದಾನೆ" ಎಂದು ಅಯ್ಯನವರು ಕೂಗಿದ್ದಕ್ಕೆ "ನಿಜವಾಗಿಯೂ ಎದ್ದಿದ್ದಾನೆ" ಎಂದು ಬಂದ ಉತ್ತರ ಖಂಡಿತ 55 ಡೆಸಿಬಲ್ ದಾಟಿತ್ತು. ಮನುಷ್ಯರ ಕಂಠಕ್ಕೆ ಅನುಮತಿ ಬೇಕಿಲ್ಲ.

ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಮೇಜಿನ ನಾಲ್ಕು ಕಾಲುಗಳನ್ನೂ ನೀರಿನ ಬಟ್ಟಲಲ್ಲಿ ಇಟ್ಟಿದ್ದೆವು. ದ್ರಾಕ್ಷಾರಸವಿದ್ದಲ್ಲಿಗೆ ಇರುವೆಗಳು ಆಮಂತ್ರಣವಿಲ್ಲದೆ ಬರುತ್ತವೆ. ಮೇಲೆ ಹೊದಿಸುವ ಬಟ್ಟೆಯ ಅಂಚುಗಳಿಗೆ ಭಾರವಾದ ಮಣಿ ಹೊಲಿದಿದ್ದರೆ ಗಾಳಿಗೆ ಹಾರುವುದಿಲ್ಲ. ಏಳೂವರೆಗೆಲ್ಲ ಮುಗಿಯಲೇಬೇಕು, ಏಪ್ರಿಲ್ ಕೊನೆಯ ಪುಣೆಯಲ್ಲಿ ಅದರಾಚೆ ಮುದುಕರನ್ನು ಬಿಸಿಲಲ್ಲಿ ಕೂರಿಸುವುದು ಭಕ್ತಿಯಲ್ಲ. ಉಪ್ಪಿಟ್ಟು, ಶಿರಾ, ಚಹಾ. ಎಂಟಕ್ಕೆ ಬಂದ ಮರಾಠಿ ಸಭೆಯವರೂ ನಿಂತು ಚಹಾ ಕುಡಿದು ಒಳಗೆ ಹೋದರು.

2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೆ. ಸೂರ್ಯ ಇನ್ನೂ ತಡವಾಗಿ, ಆರೂವರೆಯ ಹತ್ತಿರ ಹುಟ್ಟುತ್ತಾನೆ. "ಆರಕ್ಕೇ ಮೈಕ್ ಹಾಕಬಹುದಲ್ಲ ಅಂಕಲ್, ಕಾನೂನು ಒಪ್ಪುತ್ತದೆ" ಎಂದು ಹುಡುಗರು ಈಗಲೇ ವಾದ ಹೂಡಿದ್ದಾರೆ. ಆರಕ್ಕೆ ಹಾರ್ಮೋನಿಯಂ ತೆರೆಯುತ್ತೇನೆ. ಮೈಕ್ ಮಾತ್ರ ಬಿಸಿಲು ಗೋಡೆಗೆ ಬಿದ್ದ ಮೇಲೆ, ಅದೂ ಪ್ರಕಟಣೆಗಳಿಗೆ.