ಸಸೆಕ್ಸ್ ಪ್ರಕರಣವನ್ನು ನಾನು ಪಾಠ ಮಾಡಿದ ರೀತಿ

ಲುಸಿಟಾನಿಯಾ ಮುಳುಗಿತು, ಅಮೆರಿಕ ಯುದ್ಧಕ್ಕಿಳಿಯಿತು. ಡಿಗ್ರಿ ಮಕ್ಕಳು ಹೀಗೆ ಒಂದೇ ಉಸಿರಿನಲ್ಲಿ ಬರೆಯುತ್ತಾರೆ. ಆದರೆ ಮೊದಲ ಮಹಾಯುದ್ಧದ ನಡುವೆ ಈ ಬ್ರಿಟಿಷ್ ಪ್ರಯಾಣಿಕ ಹಡಗನ್ನು ಜರ್ಮನ್ ಸಬ್‌ಮರೀನ್ ಮುಳುಗಿಸಿದ್ದು 1915ರ ಮೇ 7ರಂದು. ಅಮೆರಿಕ ಯುದ್ಧ ಸಾರಿದ್ದು 1917ರ ಏಪ್ರಿಲ್‌ನಲ್ಲಿ. ನಡುವೆ ಅಮೆರಿಕ, ಜರ್ಮನಿ ಸರ್ಕಾರಗಳ ಮಧ್ಯೆ ನಡೆದದ್ದು ಪತ್ರಗಳ ಜಗಳ. ಅದನ್ನೇ ಪಾಠ ಮಾಡಿದೆ.

ತರಗತಿಯನ್ನು ವಾಷಿಂಗ್ಟನ್, ಬರ್ಲಿನ್ ಅಂತ ಎರಡು ಗುಂಪು ಮಾಡಿದೆ. ಪ್ರತಿ ಪತ್ರದ ಸಾರವನ್ನು ಕನ್ನಡದಲ್ಲಿ ಬರೆದು, ತಾರೀಕಿನ ಪ್ರಕಾರ ಒಂದೊಂದಾಗಿ ಕೊಟ್ಟೆ. ಉತ್ತರ ಏನು ಬರೆಯಬೇಕು ಅಂತ ಅವರೇ ತೀರ್ಮಾನಿಸಬೇಕು. ಆಮೇಲೆಯೇ ಅಸಲಿ ಉತ್ತರ ತೋರಿಸುತ್ತಿದ್ದೆ.

ಲುಸಿಟಾನಿಯಾದಲ್ಲಿ ಸತ್ತ ಸುಮಾರು 1,200 ಜನರಲ್ಲಿ 128 ಮಂದಿ ಅಮೆರಿಕನ್ನರು. ಅಧ್ಯಕ್ಷ ವಿಲ್ಸನ್ ಅವರ ಎರಡನೇ ಪತ್ರಕ್ಕೆ ಸಹಿ ಹಾಕಲು ಒಪ್ಪದೆ ವಿದೇಶಾಂಗ ಮಂತ್ರಿ ಬ್ರಯಾನ್ ರಾಜೀನಾಮೆ ಕೊಟ್ಟರು. ಜರ್ಮನಿಗೆ ಸಾಮಾನು ಹೋಗದಂತೆ ಬ್ರಿಟನ್ ಹಾಕಿದ್ದ ಸಮುದ್ರ ದಿಗ್ಬಂಧನವನ್ನೂ ಅಷ್ಟೇ ಗಟ್ಟಿಯಾಗಿ ಪ್ರಶ್ನಿಸಬೇಕಲ್ಲವೇ ಅನ್ನುವುದು ಅವರ ವಾದ. ನನಗೆ ಅದರಲ್ಲಿ ನ್ಯಾಯ ಕಾಣುತ್ತದೆ.

ಜಾಸ್ತಿ ಹೊತ್ತು ನಿಂತದ್ದು ಸಸೆಕ್ಸ್ ಹತ್ತಿರ. 1916ರ ಮಾರ್ಚ್ 24ರಂದು ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಈ ಫ್ರೆಂಚ್ ಹಡಗಿನ ಮುಂಭಾಗವೇ ಸಿಡಿದು ಹೋಯಿತು. ಹಡಗು ಮಾತ್ರ ಮುಳುಗಲಿಲ್ಲ, ಹಾಗಾಗಿ ಸಾಕ್ಷಿ ಉಳಿಯಿತು. ಏಪ್ರಿಲ್ 10ರ ಪತ್ರದಲ್ಲಿ ಬರ್ಲಿನ್, ‘ನಮ್ಮ ಸಬ್‌ಮರೀನ್ ಹೊಡೆದದ್ದು ಬೇರೆ ಹಡಗಿಗೆ’ ಅಂದಿತು. ಸಬ್‌ಮರೀನಿನ ಕಮಾಂಡರ್ ಬರೆದ, ತಾನು ಹೊಡೆದ ಹಡಗಿನ ಚಿತ್ರವನ್ನೂ ಪುರಾವೆಯಾಗಿ ಮುಂದಿಟ್ಟಿತು. ನಮ್ಮ ಬರ್ಲಿನ್ ಗುಂಪಿಗೆ ಗೆದ್ದೆವು ಅನ್ನಿಸಿತು. ಆಗ ವಾಷಿಂಗ್ಟನ್ ಗುಂಪಿನ ಒಬ್ಬ ಹುಡುಗಿ ಎದ್ದು ಕೇಳಿದಳು: “ಅದೇ ಜಾಗ, ಅದೇ ಹೊತ್ತು ಅಂತ ಅವರೇ ಒಪ್ಪಿಕೊಂಡ ಹಾಗಾಯಿತು ಅಲ್ವಾ ಸರ್?” ಅಮೆರಿಕ ಹಿಡಿದದ್ದೂ ಇದೇ ಎಳೆಯನ್ನು. ಆ ಹೊತ್ತಿಗೆ ಅಲ್ಲಿ ಏಟು ತಿಂದದ್ದು ಸಸೆಕ್ಸ್ ಒಂದೇ. ಜೊತೆಗೆ, ಒಳಗೆ ಸಿಕ್ಕ ಲೋಹದ ಚೂರುಗಳು ಜರ್ಮನ್ ಟಾರ್ಪಿಡೊಗೆ ಹೊಂದಿಕೆಯಾದವು.

ಅಮೆರಿಕದ ಏಪ್ರಿಲ್ 18ರ ಪತ್ರ ಸುಮ್ನೆ ಖಂಡಿಸಲಿಲ್ಲ. ಈ ರೀತಿಯ ದಾಳಿ ನಿಲ್ಲದಿದ್ದರೆ ರಾಜತಾಂತ್ರಿಕ ಸಂಬಂಧ ಕಡಿಯುತ್ತೇವೆ ಅಂತ ಹೇಳಿತು. ಮೇ 4ರಂದು ಜರ್ಮನಿ ಮಣಿಯಿತು: ಎಚ್ಚರಿಕೆ ಕೊಡದೆ, ಜೀವ ಉಳಿಸದೆ ವ್ಯಾಪಾರಿ ಹಡಗುಗಳನ್ನು ಮುಳುಗಿಸುವುದಿಲ್ಲ, ಓಡಿದರೆ, ಎದುರಿಸಿದರೆ ಮಾತ್ರ ಬೇರೆ ಮಾತು. ಆದರೆ ಅಮೆರಿಕ ಬ್ರಿಟನ್ನನ್ನೂ ಅಂತರರಾಷ್ಟ್ರೀಯ ಕಾನೂನಿಗೆ ಬಗ್ಗಿಸಬೇಕು ಅನ್ನುವ ಷರತ್ತು ಬಾಲದಲ್ಲಿತ್ತು. ವಿಲ್ಸನ್ ಭರವಸೆಯನ್ನು ತೆಗೆದುಕೊಂಡರು, ಷರತ್ತನ್ನು ಒಪ್ಪಲಿಲ್ಲ. ಇದು ಸರಿಯೇ ಅಂತ ಗಂಟೆ ಹೊಡೆದ ಮೇಲೂ ಮಕ್ಕಳು ವಾದಿಸುತ್ತಿದ್ದರು.

ನೀವೂ ಮಾಡುವುದಾದರೆ 1917ರ ಫೆಬ್ರವರಿಯ ಕಥೆಯನ್ನು ಮುಂಚೆ ಹೇಳಬೇಡಿ. ಜರ್ಮನಿ ಮಾತು ಮುರಿಯುತ್ತದೆ ಅಂತ ಗೊತ್ತಾದರೆ ಬರ್ಲಿನ್ ಗುಂಪು ಮನಸ್ಸಿಟ್ಟು ಬರೆಯುವುದಿಲ್ಲ. ಬ್ರಯಾನ್ ಪಾತ್ರವನ್ನು ಚೆನ್ನಾಗಿ ಮಾತಾಡುವ ಮಗುವಿಗೇ ಕೊಡಿ.